ನಾನು ತಿದ್ದಿದ ಒಂದಕ್ಷರ

ಲೋನ್ ಮ್ಯಾನೇಜರ್ ಮಸ್ಕತ್ತಿನ ಹೊರಗೆ ಅಲ್ ಅಮೇರಾತಿನ ನಮ್ಮ ಮನೆಗೆ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ. ಒಂದು ಕೈಯಲ್ಲಿ ಊರಿನ ಪೇಪರಿನಲ್ಲಿ ಸುತ್ತಿದ ಕೆಸುವಿನೆಲೆ, ಇನ್ನೊಂದರಲ್ಲಿ ಕಂದು ಬಣ್ಣದ ಬ್ಯಾಗು. “ಪತ್ರೊಡೆ ಮಾಡಿ ಅಕ್ಕ, ಮಿಸೆಸ್ ಕೊಟ್ಟು ಕಳಿಸಿದ್ದು” ಎಂದು ಎಲೆಯ ಕಟ್ಟನ್ನು ನನಗೆ ಕೊಟ್ಟರು. ಬ್ಯಾಗನ್ನು ಮಾತ್ರ ಕೊಡಲಿಲ್ಲ. ಊಟಕ್ಕೆ ಕೂತಾಗಲೂ ಅದು ಅವರ ಕಾಲಿಗೆ ತಾಗಿಕೊಂಡೇ ಇತ್ತು. ಅಷ್ಟು ದೂರ ವಿಮಾನದಲ್ಲಿ ಬಂದ ಎಲೆಗಳಲ್ಲಿ ಒಂದೂ ಬಾಡಿರಲಿಲ್ಲ. ಇಷ್ಟು ಜಾಗ್ರತೆಯ ಮನುಷ್ಯ ಎಂದು ನಾನು ಅವರನ್ನು ಆಗಲೇ ನಂಬಿಬಿಟ್ಟೆ.

ಅವರು ನಮ್ಮೂರಿನ ಒಂದು ಸಣ್ಣ ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುವವರು. ಬುರೈಮಿಯಲ್ಲಿ ಅಂಗಡಿ ಇಟ್ಟಿರುವ ಭಾವನ ಮನೆಗೆ ರಜೆಯಲ್ಲಿ ಬಂದಿದ್ದರು. ಹಾಗೆಯೇ ಮಸ್ಕತ್ತಿನ ಕಡೆ ಇರುವ ಗಿರಾಕಿಗಳ ಕಾಗದಪತ್ರಗಳನ್ನೂ ಮುಗಿಸಿಕೊಂಡು ಹೋಗುವುದು ಅವರ ಲೆಕ್ಕ. ನನ್ನ ಗಂಡ ಒಬ್ಬ ಸ್ನೇಹಿತರ ಜೊತೆ ಸೇರಿ ಏಸಿ ರಿಪೇರಿಯ ಸಣ್ಣ ಉದ್ಯೋಗ ನಡೆಸುತ್ತಿದ್ದರು. ಅದನ್ನು ದೊಡ್ಡದು ಮಾಡಬೇಕೆಂಬ ಆಸೆ. ಒಂದು ದೊಡ್ಡ ಕಟ್ಟಡದ ಕೆಲಸ ಸಿಗುವುದರಲ್ಲಿತ್ತು. ಅದಕ್ಕೆ ಊರಿನ ಬ್ಯಾಂಕಿನ ಸಾಲ, ಸಾಲಕ್ಕೆ ಆಧಾರವಾಗಿ ನನ್ನ ಅಮ್ಮನ ಮನೆ.

ಅಮ್ಮನ ಮನೆ ಎಂದೆ. ಕಾಗದದಲ್ಲಿ ಅದು ನನ್ನ ಮನೆ. ಐದು ಸೆಂಟ್ಸ್ ಜಾಗ, ಎರಡು ಕೋಣೆ, ಒಂದು ಉದ್ದನೆಯ ಜಗಲಿ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮನೆ ಬರುವುದು ಹೊಸತಲ್ಲ. ಆದರೆ ಅಮ್ಮ ಇಬ್ಬರು ಹೆಣ್ಣುಮಕ್ಕಳಲ್ಲಿ ನನ್ನೊಬ್ಬಳ ಹೆಸರಿಗೆ ದಾನಪತ್ರ ಮಾಡಿದ್ದಳು. ತಂಗಿಯ ಗಂಡ ಕುಡಿಯುವವನು. ಅವಳ ಹೆಸರಿಗೆ ಮಾಡಿದರೆ ಹೊಡೆದಾದರೂ ಬರೆಸಿಕೊಳ್ಳುತ್ತಾನೆ ಎಂಬ ಹೆದರಿಕೆ. ಆಸ್ಪತ್ರೆಯ ವಾರ್ಡಿನಲ್ಲಿ, ತಂಗಿ ಕೆಳಗೆ ಔಷಧಿ ತರಲು ಹೋಗಿದ್ದಾಗ, ಅಮ್ಮ ನನ್ನ ಕೈ ಹಿಡಿದು ಹೇಳಿದಳು: “ಹೆಸರು ಮಾತ್ರ ನಿನ್ನದು. ಮನೆ ಅವಳದು. ಗೊತ್ತಾಯ್ತಲ್ಲ?” ಗೊತ್ತಾಯಿತು ಎಂದೆ. ಆ ಮಾತನ್ನು ಕೇಳಿದವಳು ನಾನೊಬ್ಬಳೇ. ಅಮ್ಮ ಹೋದ ಮೇಲೆ ತಂಗಿಯ ಗಂಡನೂ ಎಲ್ಲಿಗೋ ಹೋದ. ತಂಗಿ ಜಗಲಿಯಲ್ಲಿ ನಾಲ್ಕು ಹೊಲಿಗೆ ಮಿಷನ್ನು ಹಾಕಿಕೊಂಡು, ಹುಡುಗಿಯರಿಗೆ ಬ್ಲೌಸು ಕತ್ತರಿಸುವುದನ್ನು ಹೇಳಿಕೊಟ್ಟು ಬದುಕುತ್ತಿದ್ದಳು. ಅವಳಿಗೆ ಅಮ್ಮನ ಮಾತನ್ನು ಹೇಳಬೇಕು ಎಂದು ಪ್ರತಿ ರಜೆಯಲ್ಲೂ ಅಂದುಕೊಳ್ಳುತ್ತಿದ್ದೆ. ಹೇಗೂ ಅವಳು ಅಲ್ಲೇ ಇದ್ದಾಳಲ್ಲ, ನಿಧಾನಕ್ಕೆ ಹೇಳಿದರಾಯಿತು ಎಂದು ಮುಂದಕ್ಕೆ ಹಾಕುತ್ತಿದ್ದೆ.

ಊಟವಾಯಿತು. ಅಂಜಲ್ ಮೀನಿನ ಸಾರು ಅವರಿಗೆ ತುಂಬಾ ಹಿಡಿಸಿತು. ನಾನು ಮೇಜಿನ ಪ್ಲಾಸ್ಟಿಕ್ ಹಾಸನ್ನು ಎರಡು ಸಲ ಒರೆಸಿದೆ, ಕಾಗದಕ್ಕೆ ಎಣ್ಣೆ ತಾಗಬಾರದೆಂದು. ಬ್ಯಾಗು ತೆರೆಯಿತು. ನಾಲ್ಕು ಹಾಳೆಗಳು. ಕೊನೆಯ ಹಾಳೆಯ ಕೆಳಗೆ ಹಸಿರು ಸ್ಟ್ಯಾಂಪು, ಕೆಂಪು ಕಾಗದದ ಚಕ್ರ, ನೇರಳೆ ಬಣ್ಣದ ದುಂಡು ಮೊಹರು, ಅದರ ಮೇಲೊಂದು ಸಹಿ. ಎಲ್ಲ ಆಗಲೇ ಬಿದ್ದಿತ್ತು. ನಾನು ಸಹಿ ಮಾಡಬೇಕಾದ ಜಾಗ ಮಾತ್ರ ಖಾಲಿ. ಮೊಹರಿನ ಪಕ್ಕ ಇಂಗ್ಲಿಷಿನಲ್ಲಿ, ನನ್ನ ಸಮಕ್ಷಮ ಮಂಗಳೂರಿನಲ್ಲಿ ಪ್ರಮಾಣ ಮಾಡಲಾಯಿತು, ಎಂದಿತ್ತು.

“ಇದರಲ್ಲಿ ನೋಟರಿ ಅಂತ ಉಂಟಲ್ಲ, ಅವರೆಲ್ಲಿ?” ಎಂದು ಕೇಳಿದೆ.

“ಅವರು ಊರಲ್ಲಿ ಅಕ್ಕ. ನಮ್ಮವರೇ. ನಂಬಿಕೆ ಮೇಲೆ ಸೀಲು ಹಾಕಿ ಕೊಟ್ಟಿದ್ದಾರೆ. ಅವರನ್ನು ಕರ್ಕೊಂಡು ಬರ್ಲಿಕ್ಕೆ ಆಗ್ತದಾ ಟಿಕೆಟ್ ಹಾಕಿ? ಇವತ್ತಿಗೆ ನಾನೇ ನೋಟರಿ ಅಂತ ತಿಳ್ಕೊಳ್ಳಿ.”

“ಒಂದೇ ಸಂಬಳಕ್ಕೆ ಎರಡು ಡ್ಯೂಟಿ!” ಎಂದರು ನನ್ನ ಗಂಡ. ಮೂವರೂ ನಕ್ಕೆವು. ನಾನೂ ನಕ್ಕೆ.

ಆಮೇಲೆ ಓದಿದೆ. ಓದದೆ ಸಹಿ ಹಾಕುವವಳಲ್ಲ ನಾನು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸಿದ ಸಿಸ್ಟರ್ ನಮ್ಮ ಡಿಕ್ಟೇಶನ್ ಪುಸ್ತಕದಲ್ಲಿ ಒಂದು ಅಕ್ಷರ ತಪ್ಪಿದರೂ ಹತ್ತು ಸಲ ಬರೆಸುತ್ತಿದ್ದರು. ಆ ರೋಗ ನನಗೆ ಇನ್ನೂ ಬಿಟ್ಟಿಲ್ಲ. ಹೋಟೆಲಿನ ಮೆನುವಿನಲ್ಲಿ, ಶಾಲೆಯ ಸುತ್ತೋಲೆಯಲ್ಲಿ, ಮದುವೆಯ ಕಾಗದದಲ್ಲಿ ನನ್ನ ಕಣ್ಣಿಗೆ ಮೊದಲು ಬೀಳುವುದು ಸ್ಪೆಲಿಂಗ್. ಇಲ್ಲಿಯೂ ಬಿತ್ತು. ‘ಸಾಲೆಮ್ಲಿ’ ಎಂಬ ಇಂಗ್ಲಿಷ್ ಪದದಲ್ಲಿ, ಬಾಯಲ್ಲಿ ಹೇಳದಿದ್ದರೂ ಬರೆಯುವಾಗ ಇರಲೇಬೇಕಾದ ‘ಎನ್’ ಇರಲಿಲ್ಲ. ಮನಃಪೂರ್ವಕವಾಗಿ, ದೇವರಾಣೆಗೂ, ಎಂಬಂಥ ಅರ್ಥದ ಪದ ಅದು.

“ಇಲ್ಲೊಂದು ಎನ್ ಬಿಟ್ಟುಹೋಗಿದೆ” ಎಂದೆ.

“ಅಬ್ಬ! ನಮ್ಮ ಹೆಡ್ ಆಫೀಸಿನ ಲಾ ಡಿಪಾರ್ಟ್‌ಮೆಂಟಿಗೆ ಕಾಣದ್ದು ನಿಮಗೆ ಕಂಡಿತಲ್ಲ ಅಕ್ಕ. ತಿದ್ದಿ, ನೀವೇ ತಿದ್ದಿ. ಪಕ್ಕದಲ್ಲಿ ಒಂದು ಇನಿಶಿಯಲ್ ಹಾಕಿಬಿಡಿ.”

ಗಂಡ ಹೆಮ್ಮೆಯಿಂದ ನೋಡಿದರು. ನಾನು ಎರಡು ಅಕ್ಷರಗಳ ನಡುವೆ ಸಣ್ಣ ಗೆರೆ ಎಳೆದು, ಮೇಲೆ ‘ಎನ್’ ಬರೆದು, ಪಕ್ಕದಲ್ಲಿ ಇನಿಶಿಯಲ್ ಹಾಕಿದೆ. ದುಂಡಗೆ, ಸಿಸ್ಟರ್ ಕಲಿಸಿದ ಹಾಗೆ.

ಮೂರನೆಯ ಹಾಳೆಯಲ್ಲಿ ಒಂದು ವಾಕ್ಯವಿತ್ತು. ಈ ಮನೆ ನನ್ನೊಬ್ಬಳ ಸ್ವಾಧೀನದಲ್ಲಿದೆ, ಬೇರೆ ಯಾರೂ ಇದರಲ್ಲಿ ವಾಸವಾಗಿಲ್ಲ, ಬೇರೆ ಯಾರಿಗೂ ಯಾವ ಹಕ್ಕೂ ಇಲ್ಲ. ಅದರ ಸ್ಪೆಲಿಂಗ್ ಸರಿ ಇತ್ತು. ಆದರೂ ನನ್ನ ಪೆನ್ನು ನಿಂತಿತು.

“ತಂಗಿ ಇದ್ದಾಳಲ್ಲ ಅಲ್ಲಿ?”

ಲೋನ್ ಮ್ಯಾನೇಜರ್ ಒಂದು ಕ್ಷಣವೂ ತಡವರಿಸಲಿಲ್ಲ. “ಅದು ಬಾಡಿಗೆಯವರಿಗೆ ಹೇಳುವ ಮಾತು ಅಕ್ಕ. ಟೆನೆಂಟ್ ಇದ್ರೆ ಬ್ಯಾಂಕಿಗೆ ತಲೆನೋವು, ಅದಕ್ಕೆ. ತಂಗಿ ಅಂದ್ರೆ ಬೇರೆಯವರಾ? ನೀವು ಬೇರೆ, ಅವರು ಬೇರೆಯಾ?”

ಎಷ್ಟು ಚಂದದ ಮಾತು. ಅಲ್ಲ, ನಾವು ಬೇರೆಯಲ್ಲ ಎಂದು ಮನಸ್ಸು ತುಂಬಿ ಸಹಿ ಮಾಡಿದೆ. ನನ್ನನ್ನು ಗುರುತಿಸಿದವರು ಎಂದು ಕೆಳಗೆ ಗಂಡನ ಸಹಿ. ಮೂಲ ದಾನಪತ್ರವನ್ನು ಮಕ್ಕಳ ಮಾರ್ಕ್ಸ್‌ಕಾರ್ಡಿನ ಫೈಲಿನಿಂದ ತೆಗೆದು ನಾನೇ ಅವರ ಕೈಗೆ ಕೊಟ್ಟೆ. ಅದೂ ಬ್ಯಾಗಿನೊಳಗೆ ಹೋಯಿತು. ಮರುದಿನ ಪತ್ರೊಡೆ ಮಾಡಿದೆ. ಹುಳಿ ಸಾಕಾಗದೆ ಎಲ್ಲರ ಗಂಟಲೂ ತುರಿಸಿತು.

ಸರಿಯಾದ ಸಾಕ್ಷಿ ಹೇಗಿರುತ್ತದೆಂದು ನಾನು ನೋಡಿಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದಕ್ಕೆ ಎರಡು ವರ್ಷ ಮೊದಲು ನನ್ನ ಹೆಸರಿನಲ್ಲಿದ್ದ ಕಾರನ್ನು ಮಾರುವ ಅಧಿಕಾರವನ್ನು ಗಂಡನಿಗೆ ಬರೆದುಕೊಡಲು ಇಲ್ಲಿನ ನೋಟರಿಯ ಕಚೇರಿಗೆ ಹೋಗಿದ್ದೆವು. ದಿಶ್‌ದಾಶ ಎಂಬ ಬಿಳಿ ನಿಲುವಂಗಿ ಹಾಕಿದ್ದ, ಕಸೂತಿ ಟೋಪಿಯ ಒಮಾನಿ ಅಧಿಕಾರಿ. ಒಂದು ಹಳೆಯ ಕಾರಿನ ವಿಷಯ, ಅಷ್ಟೆ. ಅವರು ನನ್ನ ಗಂಡನನ್ನು ಹೊರಗೆ ಕೂರಲು ಹೇಳಿದರು. ಬಾಗಿಲು ಮುಚ್ಚದೆ, ಆದರೆ ದನಿ ತಗ್ಗಿಸಿ, ಮುರುಕು ಹಿಂದಿಯಲ್ಲಿ ನನ್ನನ್ನು ಕೇಳಿದರು: “ಮದಾಮ್, ಕಾಗಜ್ ಸಮಝಾ? ಜಬರ್‌ದಸ್ತಿ ನಹೀಂ?” ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು. ನನ್ನ ಮುಖ ಕೆಂಪೇರಿತು. ನನ್ನ ಗಂಡನ ಬಗ್ಗೆ ಏನೆಂದುಕೊಂಡಿದ್ದಾನೆ ಈತ? ಇಲ್ಲ ಎಂದೆ, ಸ್ವಲ್ಪ ಬಿರುಸಾಗಿಯೇ. ಅವರು ನನ್ನ ಮುಖವನ್ನು ಇನ್ನೊಮ್ಮೆ ನೋಡಿ, ಆಮೇಲಷ್ಟೇ ಮೊಹರು ಒತ್ತಿದರು.

“ನಿನ್ನನ್ನು ನಾನು ಕಿಡ್ನ್ಯಾಪ್ ಮಾಡಿ ತಂದದ್ದು ಅಂತ ಎಣಿಸಿದ ಅವ” ಎಂದು ಕಾರಿನಲ್ಲಿ ಗಂಡ ನಕ್ಕರು. “ಕಿಡ್ನ್ಯಾಪ್ ಮಾಡುವವ ಈ ತೂಕದವಳನ್ನು ತರ್ತಾನಾ ಮಾರಾಯ್ತಿ?”

ಆ ಅಧಿಕಾರಿಗೆ ಕಾರು ಮಾರಿದರೂ ಒಂದೇ, ಮಾರದಿದ್ದರೂ ಒಂದೇ. ನಾನು ಬೇಡ ಎಂದಿದ್ದರೆ ಕಾಗದವನ್ನು ವಾಪಸು ಕೊಟ್ಟು ಮುಂದಿನವರನ್ನು ಕರೆಯುತ್ತಿದ್ದರು. ನನ್ನ ಮೇಜಿನ ಮುಂದೆ ಕೂತವರಿಗೆ ಹಾಗಿರಲಿಲ್ಲ. ನನ್ನ ಪೆನ್ನು ನಿಂತಾಗ ಅವರ ಕೆಲಸವೂ ನಿಂತಿತು. ‘ತಂಗಿ ಇದ್ದಾಳಲ್ಲ’ ಎಂದ ನನಗೆ ‘ಹಾಗಾದರೆ ಸಹಿ ಮಾಡಬೇಡಿ’ ಎನ್ನುವವರು ಆ ಕೋಣೆಯಲ್ಲಿ ಒಬ್ಬರು ಬೇಕಿತ್ತು. ಆ ಒಬ್ಬರ ಕುರ್ಚಿಯಲ್ಲಿ ಸಾಲ ಕೊಡುವವರೇ ಕೂತಿದ್ದರು. ನಾನು ಅವರಿಗೆ ಇನ್ನೊಂದು ತುಂಡು ಮೀನು ಬಡಿಸಿದ್ದೆ.

ದೊಡ್ಡ ಕಟ್ಟಡದ ಕೆಲಸ ಸಿಕ್ಕಿತು, ದುಡ್ಡು ಸಿಗಲಿಲ್ಲ. ಅದರ ವಿವರ ಬೇಡ. ಗಲ್ಫಿನಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಕಂತುಗಳು ತಪ್ಪಿದ್ದನ್ನು ಗಂಡ ನನಗೆ ಹೇಳಲಿಲ್ಲ. ಹೇಳಿದ್ದು ತಂಗಿ.

ನಾನು ಬಟ್ಟೆ ಮಡಚುತ್ತಿದ್ದೆ. ಫೋನಿನಲ್ಲಿ ಅವಳ ದನಿಯ ಹಿಂದೆ ಮಿಷನ್ನುಗಳ ಸದ್ದು ಇರಲಿಲ್ಲ. ಯಾವಾಗಲೂ ಇರುತ್ತದೆ.

“ಅಕ್ಕ, ಗೇಟಿಗೆ ಎಂತದೋ ನೋಟಿಸ್ ಅಂಟಿಸಿ ಹೋದರು ಬ್ಯಾಂಕಿನವರು. ಫೋಟೋ ತೆಗೆದ್ರು. ಹುಡುಗಿಯರೆಲ್ಲ ನೋಡ್ತಾ ಇದ್ರು. ನಿನ್ನ ಸೈನ್ ಉಂಟಂತೆ.”

“ಎಂತ ಬರೆದಿದ್ದಾರೆ ಅದರಲ್ಲಿ?”

“ಅದನ್ನು ನೀನು ಹೇಳ್ಬೇಕು. ಈ ಮನೆಯಲ್ಲಿ ಯಾರೂ ಇಲ್ಲ ಅಂತ ಬರೆದುಕೊಟ್ಟಿದ್ದೀಯಂತೆ. ಹಾಗಾದ್ರೆ ನಾನು ಯಾರು? ಬೆಕ್ಕಾ?”

ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ತುಳುವಿನಲ್ಲಿ ನೀನು ಎನ್ನುವುದಕ್ಕೆ ‘ಈ’. ನೀವು ಎನ್ನುವುದಕ್ಕೆ ‘ಈರ್’. ಹುಟ್ಟಿದಂದಿನಿಂದ ನಮ್ಮಿಬ್ಬರ ನಡುವೆ ‘ಈ’. ಅವತ್ತು ಅವಳು ಎಷ್ಟೇ ಬೈದರೂ ‘ಈ’ ಎಂದೇ ಬೈದಳು. ಅದೊಂದು ಸಮಾಧಾನವಾಗಿತ್ತು ನನಗೆ.

ಟಿಕೆಟ್ ಮಾಡಿಸಿ ನಾನೊಬ್ಬಳೇ ಊರಿಗೆ ಹೋದೆ. ಬ್ಯಾಂಕಿನಲ್ಲಿ ಆ ಲೋನ್ ಮ್ಯಾನೇಜರ್ ಇರಲಿಲ್ಲ. ಬೇರೆ ಊರಿಗೆ ವರ್ಗವಾಗಿತ್ತು, ಬಡ್ತಿಯ ಮೇಲೆ. ನನ್ನೆದುರು ಕೂತವರು ಬ್ಯಾಂಕಿನ ವಕೀಲರು. ಸೌಮ್ಯ ಮನುಷ್ಯ, ನನಗೆ ನೀರು ತರಿಸಿಕೊಟ್ಟರು.

“ಈ ಕಾಗದದಲ್ಲಿ ಮಂಗಳೂರಿನಲ್ಲಿ ಸಹಿ ಆದದ್ದು ಅಂತ ಉಂಟು. ಆ ದಿನ ನಾನು ಒಮಾನಿನಲ್ಲಿದ್ದೆ. ಪಾಸ್‌ಪೋರ್ಟ್ ನೋಡಿ” ಎಂದು ಪುಟ ತೆರೆದು ಮುಂದಿಟ್ಟೆ. ಆ ವರ್ಷವಿಡೀ ನಾನು ಊರಿಗೆ ಹೋಗಿರಲಿಲ್ಲ. ದಾರಿಯುದ್ದಕ್ಕೂ ಆ ಪುಟದ ಮೇಲೆ ಬೆರಳಿಟ್ಟುಕೊಂಡೇ ಬಂದಿದ್ದೆ.

ಅವರು ಪಾಸ್‌ಪೋರ್ಟನ್ನು ಮುಟ್ಟಲಿಲ್ಲ. “ಸಹಿ ನಿಮ್ಮದಲ್ಲ ಅಂತೀರಾ ಮೇಡಂ?”

“ನನ್ನದೇ.”

“ಮತ್ತೆ?”

“ನೋಟರಿ ಅಲ್ಲಿ ಇರಲಿಲ್ಲ. ನಾನು ಕೇಳಿದ್ದಕ್ಕೆ ಸರಿಯಾಗಿ ಹೇಳುವವರು ಯಾರೂ ಇರಲಿಲ್ಲ.”

ಅವರು ಫೈಲು ತಿರುಗಿಸಿ, ಒಂದು ಹಾಳೆಯನ್ನು ನನ್ನ ಕಡೆ ಮಾಡಿ, ಪೆನ್ನಿನ ತುದಿಯಿಂದ ಒಂದು ಜಾಗ ತೋರಿಸಿದರು. ನನ್ನ ‘ಎನ್’. ದುಂಡಗಿನ ಇನಿಶಿಯಲ್.

“ನಾನು ಎಷ್ಟೋ ವರ್ಷದಿಂದ ಸಾಲದ ಕಾಗದ ನೋಡ್ತಿದ್ದೇನೆ. ಯಾರೂ ಓದುವುದಿಲ್ಲ. ನೀವು ಒಂದು ಅಕ್ಷರ ತಪ್ಪಿದ್ದನ್ನೂ ಹಿಡಿದು ತಿದ್ದಿದ್ದೀರಿ. ಇಷ್ಟು ಓದಿದವರಿಗೆ ಮೂರನೇ ಪುಟ ಅರ್ಥ ಆಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ, ನೀವೇ ಹೇಳಿ?”

ನಾನು ಪಾಸ್‌ಪೋರ್ಟನ್ನು ಮುಚ್ಚಿ ಕೈಗೆತ್ತಿಕೊಂಡೆ. ಅವರು ಇನ್ನೂ ಒಂದು ಮಾತು ಹೇಳಿದರು, ಅದೇ ಸೌಮ್ಯ ದನಿಯಲ್ಲಿ: ಪಾಸ್‌ಪೋರ್ಟಿನ ವಿಷಯ ಎತ್ತಿದರೆ ನೋಟರಿಗೂ ನಮ್ಮ ಬ್ಯಾಂಕಿನವರಿಗೂ ತೊಂದರೆ ಆಗಬಹುದು, ನಿಜ, ಆದರೆ ಮಂಗಳೂರಿನಲ್ಲಿ ಇವಳನ್ನು ಗುರುತಿಸಿದೆ ಎಂದು ಕೆಳಗೆ ಸಹಿ ಹಾಕಿದವರು ನಿಮ್ಮ ಯಜಮಾನರು. ಯೋಚನೆ ಮಾಡಿ.

ಆ ಸಲ ನಾನು ತಂಗಿಯ ಜೊತೆ ನಾಲ್ಕು ದಿನ ಇದ್ದೆ. ಅವಳು ಗೇಟಿನ ನೋಟಿಸನ್ನು ಬಿಸಿನೀರು ಹಾಕಿ ಕೆರೆದು ತೆಗೆದಿದ್ದಳು. ಗೋಂದಿನ ಗುರುತು ಹೋಗಿರಲಿಲ್ಲ. ಹುಡುಗಿಯರಲ್ಲಿ ಇಬ್ಬರು ಬರುವುದನ್ನು ನಿಲ್ಲಿಸಿದ್ದರು. ರಾತ್ರಿ ಊಟಕ್ಕೆ ನನಗಿಷ್ಟವೆಂದು ಹರಿವೆ ಪಲ್ಯ ಮಾಡಿದ್ದಳು. ಅಮ್ಮನ ಮಾತನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ನಾನು ಪಲ್ಯ ಚೆನ್ನಾಗಿದೆ ಎಂದೆ.

ವಾಪಸು ಬಂದ ಮೇಲೆ ನಮ್ಮ ಮನೆಯಲ್ಲಿ ಆದ ಮಾತುಗಳನ್ನು ಪೂರ್ತಿ ಬರೆಯಲಾರೆ. “ನನ್ನನ್ನು ಜೈಲಿಗೆ ಹಾಕಿಸ್ತೀಯಾ?” ಎಂದರು ಗಂಡ. “ತಂಗಿಗೆ ಒಂದು ಬಾಡಿಗೆ ಮನೆ ಮಾಡಿ ಕೊಡುವಾ, ಖಲಾಸ್. ನಾಲ್ಕು ಮಿಷನ್ನಿಗೆ ಎಷ್ಟು ಜಾಗ ಬೇಕು ಮಾರಾಯ್ತಿ?” ಅವರು ಕೆಟ್ಟವರಲ್ಲ. ಅವತ್ತು ಮೇಜಿನ ಮುಂದೆ ಕೂತಾಗ ಅವರಿಗೆ ಮನೆ ಕಾಣಲಿಲ್ಲ, ಆ ಕಟ್ಟಡದ ಏಸಿಗಳು ಕಂಡವು. ನನಗೆ ಸ್ಪೆಲಿಂಗ್ ಕಂಡಿತು.

ಹನ್ನೊಂದನೇ ಕ್ಲಾಸಿನ ಮಗಳು ಇದನ್ನೆಲ್ಲ ಕೇಳಿಸಿಕೊಂಡು ಫೋನಿನಲ್ಲಿ ಹುಡುಕಿದಳು. “ಮಮ್ಮಿ, ಸಮ್ ಕಂಟ್ರೀಸ್‌ನಲ್ಲಿ ಬ್ಯಾಂಕ್ ಸ್ಟಾಫೇ ನೋಟರಿ ಆಗಬಹುದಂತೆ. ಲೀಗಲ್. ಕಸ್ಟಮರಿಗೆ ಈಸಿ ಅಂತ.”

“ಲೋನ್ ಕೊಡುವವನೇ?”

“ಅವನಿಗೆ ಡೈರೆಕ್ಟ್ ಬೆನಿಫಿಟ್ ಇಲ್ಲದಿದ್ರೆ ಓಕೆ ಅಂತೆ.”

“ಬೆನಿಫಿಟ್ ಇಲ್ಲ ಅಂತ ಹೇಳುವವರು ಯಾರು?”

“ಅವನೇ, ಐ ಗೆಸ್” ಎಂದು ಭುಜ ಕುಣಿಸಿ ಹೋದಳು.

ನಾನು ಅಲ್ಲೇ ಕೂತೆ. ತನಗೆ ಲಾಭವಿರುವ ಕಡೆ ಒಬ್ಬ ಸಾಕ್ಷಿಯಾಗಬಾರದು. ಎಷ್ಟು ಸುಲಭದ ಮಾತು. ಬ್ಯಾಂಕಿನವರ ಮೇಲೆ ನನಗಿದ್ದ ಸಿಟ್ಟಿಗೆ ಅದೇ ಇಂಧನವಾಗಿತ್ತು. ಅಷ್ಟರಲ್ಲಿ ಆಸ್ಪತ್ರೆಯ ವಾರ್ಡು ಕಣ್ಣ ಮುಂದೆ ಬಂತು. ಅಮ್ಮನ ಕಡೆಯ ಮಾತಿಗೆ ಇದ್ದ ಸಾಕ್ಷಿ ಯಾರು? ಆ ಮಾತು ಹೊರಗೆ ಬಂದರೆ ನಷ್ಟವಾಗುವವಳು ಯಾರು? ನಿಧಾನಕ್ಕೆ ಹೇಳಿದರಾಯಿತು ಎಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡವಳು ಯಾರು? ಆ ಲೋನ್ ಮ್ಯಾನೇಜರ್ ಕೂತ ಕುರ್ಚಿಯಲ್ಲಿ ಅವರಿಗಿಂತ ಮೊದಲು ನಾನು ಕೂತಿದ್ದೆ. ಅವರಾದರೂ ಹೆಂಡತಿ ಕೊಟ್ಟ ಎಲೆ ತಂದಿದ್ದರು.

ಊರಿನ ಒಬ್ಬ ವಕೀಲೆಯ ಹತ್ತಿರ ಮಾತಾಡಿದೆ. ಅವರು ಅಫಿಡವಿಟ್ ತಯಾರು ಮಾಡಿ ಕಳಿಸಿದರು. ಆ ದಿನ ನಾನು ಒಮಾನಿನಲ್ಲಿದ್ದೆ. ಸಹಿ ಆದದ್ದು ನನ್ನ ಊಟದ ಮೇಜಿನ ಮೇಲೆ. ನೋಟರಿಯನ್ನು ನಾನು ಇವತ್ತಿನವರೆಗೆ ನೋಡಿಲ್ಲ. ನನ್ನನ್ನು ಗುರುತಿಸಿ ಸಹಿ ಹಾಕಿದವರು ನನ್ನ ಗಂಡ. ಆ ಮನೆಯಲ್ಲಿ ಆಗಲೂ ಈಗಲೂ ವಾಸವಿರುವವಳು ನನ್ನ ತಂಗಿ. ಕೊನೆಗೆ ನಾನೇ ಹೇಳಿ ಸೇರಿಸಿದ ಒಂದು ಪ್ಯಾರಾ: ಮನೆ ತಂಗಿಗೆಂದೇ ಅಮ್ಮ ಹೇಳಿದ್ದು, ನಾನು ಒಪ್ಪಿದ್ದು. “ಬಾಯಿಮಾತಿಗೆ ಕೋರ್ಟಿನಲ್ಲಿ ದೊಡ್ಡ ಬೆಲೆ ಸಿಗ್ಲಿಕ್ಕಿಲ್ಲ ಅಕ್ಕ” ಎಂದರು ವಕೀಲೆ. “ಇರ್ಲಿ, ಹಾಕಿ” ಎಂದೆ.

ಅದನ್ನು ಇಲ್ಲಿನ ಭಾರತೀಯ ರಾಯಭಾರ ಕಚೇರಿಯ ಕೌಂಟರಿನಲ್ಲಿ ದೃಢೀಕರಿಸಬೇಕಿತ್ತು. ಬೆಳಿಗ್ಗೆ ಗಂಡನೇ ಕಾರಿನಲ್ಲಿ ಕರೆದುಕೊಂಡು ಹೋದರು. ನನಗೆ ಡ್ರೈವಿಂಗ್ ಬರುವುದಿಲ್ಲ. ಅವರು ಒಳಗೆ ಬರಲಿಲ್ಲ. ಟೋಕನ್ ನಂಬರು ಬಂದಾಗ ಕನ್ನಡಕದ ಒಬ್ಬ ಅಧಿಕಾರಿ ನನ್ನ ಪಾಸ್‌ಪೋರ್ಟನ್ನೂ ಮುಖವನ್ನೂ ನೋಡಿದರು.

“ಪಢ್ ಲಿಯಾ? ಕೋಯಿ ಕರೆಕ್ಷನ್?”

ಕರೆಕ್ಷನ್ ಇತ್ತು. ಎರಡನೇ ಪುಟದಲ್ಲಿ ‘ರಿಸೈಡಿಂಗ್’ ಎಂಬಲ್ಲಿ ಒಂದು ‘ಡಿ’ ಹೆಚ್ಚು ಬಿದ್ದಿತ್ತು. ಟೋಕನ್ ಹಿಡಿದು ಕಾಯುವಾಗಲೇ ನನ್ನ ಕಣ್ಣಿಗೆ ಚುಚ್ಚಿತ್ತು.

“ನಹೀಂ” ಎಂದೆ. ಅವರೆದುರೇ ಸಹಿ ಹಾಕಿದೆ. ನಾನು ಹಾಕಿ ಮುಗಿಸಿದ ಮೇಲೆಯೇ ಅವರು ಮೊಹರು ಒತ್ತಿದರು.

ಕಾರಿನಲ್ಲಿ ಏಸಿ ಓಡುತ್ತಿತ್ತು. “ಖಲಾಸಾ?” ಎಂದರು ಗಂಡ.

“ಖಲಾಸ್.”

ಸ್ವಲ್ಪ ದೂರ ಹೋದ ಮೇಲೆ, ರಸ್ತೆಯನ್ನೇ ನೋಡುತ್ತಾ, “ನನ್ನ ಹೆಸರು ಹಾಕಿದ್ದೀಯಾ?” ಎಂದು ಕೇಳಿದರು.

“ಹಾಕಿದ್ದೇನೆ.”

ಆ ಮೇಲೆ ಇಂದಿನವರೆಗೂ ನಮ್ಮ ನಡುವೆ ಇರುವ ಮಾತು ಟೀ, ಇಸ್ತ್ರಿ, ಮಗಳ ಫೀಸು, ಇಷ್ಟೇ. ಬ್ಯಾಂಕಿನವರು ಮನೆಯನ್ನು ಹರಾಜು ಹಾಕುವುದು ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲ. ವಕೀಲೆ ಕೋರ್ಟಿನ ದಿನಾಂಕಗಳನ್ನು ಕಳಿಸುತ್ತಾರೆ, ಅವು ಮುಂದಕ್ಕೆ ಹೋಗುತ್ತವೆ.

ಅವತ್ತು ಮನೆಗೆ ಬಂದವಳು ಅಫಿಡವಿಟ್ಟಿನ ಫೋಟೋ ತೆಗೆದು ತಂಗಿಗೆ ಕಳಿಸಿದೆ. ಅವಳಿಗೆ ಇಂಗ್ಲಿಷ್ ನಿಧಾನ. ಹುಡುಗಿಯರಲ್ಲಿ ಯಾರಿಂದಲೋ ಓದಿಸಿಕೊಂಡಿರಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಉತ್ತರ ಬಂತು, ಕನ್ನಡ ಅಕ್ಷರದಲ್ಲಿ ಬರೆದ ತುಳು. ಅಮ್ಮ ಹಾಗೆ ಹೇಳಿದ್ದು ಹೌದಾ, ಎಂದು ಕೇಳಿದ್ದಳು. ಇಷ್ಟು ವರ್ಷ ನಾನು ಅಕ್ಕನ ಮನೆಯಲ್ಲಿ ಇದ್ದೇನೆ ಅಂತ ತಗ್ಗಿ ಬಗ್ಗಿ ಇದ್ದೆ, ಒಂದು ಮೊಳೆ ಹೊಡೆಯಬೇಕಾದರೂ ಫೋನ್ ಮಾಡಿ ಕೇಳಿದ್ದೆ, ಆಗೆಲ್ಲ ನೀವು ಯಾಕೆ ಹೇಳಲಿಲ್ಲ, ಎಂದಿದ್ದಳು.

‘ಈರ್’ ಎಂದು ಬರೆದಿದ್ದಳು. ಬೆರಳು ಜಾರಿ ಒಂದಕ್ಷರ ಹೆಚ್ಚು ಬಿದ್ದಿರಬೇಕೆಂದು ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. ಕೆಳಗಿನ ಸಾಲಿನಲ್ಲೂ ಹಾಗೆಯೇ ಇತ್ತು.